ಆಕಾಶದ ಕಲ್ಲು, ಎಮ್ಮೆಯ ಹೂರಣ

ಕಲ್ಲು ಭೂಮಿಗೆ ಬೀಳಲಿಲ್ಲ. ನಮ್ಮ ಹೋಳಿಗೆಯ ಹೂರಣ ಎಮ್ಮೆಯ ಹೊಟ್ಟೆಗೆ ಬಿತ್ತು. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ನಮ್ಮೂರು ಬಬಲೇಶ್ವರದ ಜನ ಸೇರಿಸಿದ್ದು.

ಅಂದು ಮೊಮ್ಮಗಳು ಸವಿತಾಳನ್ನು ನೋಡಲು ತಿಕೋಟಾದಿಂದ ಗಂಡಿನ ಕಡೆಯವರು ಬರುವವರಿದ್ದರು. ಸೊಸೆ ನಸುಕಿನಲ್ಲೇ ಎದ್ದು ಹೂರಣ ರುಬ್ಬಿ, ಕಟ್ಟಿನ ಸಾರು ಕುದಿಸಿಟ್ಟು, "ಅತ್ತಿ, ಅಡಿಗಿ ಕಡೆ ಲಕ್ಷ್ಯ ಇರಲಿ" ಎಂದು ಹೇಳಿ ಹೂವು ತರಲು ಪೇಟೆಗೆ ಹೋದಳು. ಅಡಿಗೆ ಕಾಯುವುದು ನನಗೇನು ಹೊಸದೇ!

ಸವಿತಾ ವಿಜಯಪುರದ ಕಾಲೇಜಿನಲ್ಲಿ ವಿಜ್ಞಾನ ಓದುತ್ತಾಳೆ. ಸೀರೆ ಉಡುವುದು ಬಿಟ್ಟು ಮೊಬೈಲು ನೋಡುತ್ತ ಕೂತಿದ್ದಳು.

"ಆಯಿ, ಆಕಾಶದಾಗ ಒಂದು ಹೊಸಾ ಕಲ್ಲು ಸಿಕ್ಕೈತಿ. ಇವತ್ತ ಭೂಮಿ ಹತ್ರ ಹಾದು ಹೊಂಟೈತಿ."

"ಯವ್ವಾ, ಯಾರಿಗಿ ಸಿಕ್ತು?"

"ದುರ್ಬೀನಿನವರಿಗಿ. ಆಕಾಶದ್ದು ಮತ್ತ ಮತ್ತ ಫೋಟೋ ತಗೀತಾರ. ಚುಕ್ಕಿ ಎಲ್ಲಾ ಇದ್ದಲ್ಲೇ ಇದ್ದೂವಂತ. ಒಂದು ಚುಕ್ಕಿ ಮಾತ್ರ ಜಾಗಾ ಬದಲಿಸಿತ್ತಂತ."

"ಎಷ್ಟು ದೊಡ್ಡದು?"

"ನಮ್ಮ ಮನಿಗಿಂತ ದೊಡ್ಡದು. ಬಟಾಟಿ ಹಂಗ ಸೊಟ್ಟ, ಇದ್ದಲಿ ಹಂಗ ಕರೇದು. ಸೂರ್ಯನ ಸುತ್ತ ತಿರಗತೈತಿ."

ಅಷ್ಟು ಸಾಕಾಯಿತು. ಅವಳು ಮುಂದೆ ಇನ್ನೇನೋ ಹೇಳುತ್ತಿದ್ದಳು, ನಾನು ಎದ್ದುಬಿಟ್ಟೆ. ಗ್ರಹಣವೆಂದರೆ ಬರೀ ನೆರಳು. ಅಷ್ಟಕ್ಕೇ ಮಾಡಿದ ಅಡಿಗೆ ಚೆಲ್ಲಿ, ಕೊಡದ ನೀರು ಸುರಿಯುತ್ತೇವೆ. ಇಲ್ಲಿ ಸಾಕ್ಷಾತ್ ಕಲ್ಲೇ ಬರುತ್ತಿದೆ. ಬೀಗರಾಗುವವರಿಗೆ ದೋಷದ ಊಟ ಬಡಿಸಬೇಕೇ? ಹೂರಣವನ್ನು ಎಮ್ಮೆಯ ಮುಂದಿಟ್ಟೆ. ಸಾರನ್ನು ಗಟಾರಕ್ಕೆ ಸುರಿದೆ. ಕೊಡಗಳನ್ನೂ ಬರಿದು ಮಾಡಿದೆ. ನಮ್ಮ ಓಣಿಗೆ ನಳದ ನೀರು ಬರುವುದು ನಾಡಿದ್ದು.

ಸೊಸೆ ಬಂದು ಖಾಲಿ ಪಾತ್ರೆ ನೋಡಿ ಮಗಳನ್ನು ಕೂಗಿದಳು. "ಏನ್ ಹೇಳಿದಿ ಲೇ ಮುದುಕಿಗಿ?"

"ಚಂದ್ರಾಮಗಿಂತ ಎಷ್ಟೋ ದೂರ ಹಾದು ಹೋಗತೈತಿ ಅಂತ ಹೇಳಾಕತ್ತಿದ್ದೆ. ಆಯಿ ಪೂರಾ ಕೇಳ್ಲೇ ಇಲ್ಲ."

"ಮತ್ತ ಹತ್ರ ಅಂದಿ?" ಎಂದೆ ನಾನು.

"ಆಕಾಶದ ಲೆಕ್ಕದಾಗ ಅದು ಹತ್ರನ ಬೇ ಆಯಿ."

ಅಷ್ಟರಲ್ಲಿ ಬಾಗಿಲಲ್ಲಿ ತಿಕೋಟಾದ ಜೀಪು ನಿಂತಿತು. ಅದು ಮಾತ್ರ ನಿಜವಾಗಿಯೂ ಹತ್ತಿರವಿತ್ತು.

ಪಕ್ಕದ ಮನೆಯ ಖೈರುನ್ನಿಸಾ ಕುಡಿಯಲು ನೀರು, ಒಂದು ಡಬ್ಬಿ ಅವಲಕ್ಕಿ ಚೂಡಾ ತಂದುಕೊಟ್ಟಳು. ಹೋಳಿಗೆಯ ಆಸೆಯಿಂದ ಬಂದವರು ಚೂಡಾ ತಿಂದರು. ಸವಿತಾ ಒಂದೂ ಮುಚ್ಚಿಡದೆ ಕಲ್ಲಿನ ಕತೆ ಹೇಳಿದಳು. ಗಂಡಿನ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕು, "ಹುಡುಗಿ ನಮಗ ಪಸಂದ ಅದಾಳ್ರಿ. ಆದ್ರ ಲಗ್ನದ ದಿನ ಈ ಆಯಿನ್ನ ಅಡಿಗಿ ಮನಿ ಕಡೆ ಬಿಡಬ್ಯಾಡ್ರಿ" ಎಂದಳು.

ಮರುದಿನ ಬೆಳಿಗ್ಗೆ ಎಮ್ಮೆಗೆ ಜೋಳದ ಒಣ ದಂಟಿನ ಕಣಕಿ ಹಾಕಿದೆ. ಮೂಸಿ ನೋಡಿ, ಮುಖ ತಿರುಗಿಸಿ, ಅಡಿಗೆ ಮನೆಯ ಬಾಗಿಲನ್ನೇ ನೋಡುತ್ತ ನಿಂತಿತು.

"ಸುಮ್ನ ತಿನ್ನು" ಎಂದೆ. "ಆ ಕಲ್ಲು ಮತ್ತ ಬರೂತನಕ ಹೂರಣ ಇಲ್ಲ."