ನನ್ನ ನಗುವಿಗೆ ಕಪ್ಪು ಪಟ್ಟಿ ಕಟ್ಟಿದ ನಿರ್ದೇಶಕರಿಗೆ

ಮಾನ್ಯ ನಿರ್ದೇಶಕ ಹ್ವಾಂಗ್‌ಬೋ ಜುನ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಕಡಲ ಗಾಳಿ ತಣ್ಣಗಾಗಿ, ಸಿಂಪಿ ತೆಗೆಯುವವರು ದೋಣಿಗಳಿಗೆ ಹೊಸ ಹಗ್ಗ ಕಟ್ಟುತ್ತಿರುವ ಈ ದಿನಗಳಲ್ಲಿ ಸಿಯೋಲ್ ನಗರದಲ್ಲಿ ತಾವೂ ತಮ್ಮ ಮನೆಯವರೂ ಕ್ಷೇಮವಾಗಿದ್ದೀರೆಂದೂ, ಮೆಟ್ಟಿಲು ಇಳಿಯುವಾಗ ಪಕ್ಕದ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೀರೆಂದೂ ಮನಸಾರೆ ನಂಬಿದ್ದೇನೆ. ತೊಂಗ್‌ಯೊಂಗ್ ಬಂದರಿನ ಮೀನು ಮಾರುಕಟ್ಟೆಯಲ್ಲಿ ಮೂವತ್ತೊಂದು ವರ್ಷದಿಂದ ಒಣಮೀನಿನ ಅಂಗಡಿ ನಡೆಸುತ್ತಿರುವ, ಅರವತ್ತೊಂಬತ್ತು ವಯಸ್ಸಿನ ಮಾ ಪಿಲ್‌ಸುನ್ ಎಂಬ ನಾನು ತಮಗೆ ಪರಿಚಿತಳಲ್ಲ. ಆದರೆ ನನ್ನ ಮುಖವನ್ನು ತಾವು ನನಗಿಂತ ಚೆನ್ನಾಗಿ ಬಲ್ಲಿರಿ. ತಮ್ಮ ‘ಮೂರು ದಿನದ ಊಟ’ ಎಂಬ ಚಿತ್ರದಲ್ಲಿ ಮೊದಲ ನಿಮಿಷದಿಂದ ಕೊನೆಯ ನಿಮಿಷದವರೆಗೆ ಬಿಳಿ ಸೇವಂತಿಗೆಗಳ ನಡುವೆ, ಮೂಲೆಗೆ ಕಪ್ಪು ಪಟ್ಟಿ ಕಟ್ಟಿಸಿಕೊಂಡು ನಗುತ್ತಿರುವ ತೀರಿಹೋದ ಅಜ್ಜಿಯ ಫೋಟೋ ಇದೆಯಲ್ಲ, ಆ ಅಜ್ಜಿ ನಾನೇ.

ದೂರಿಗೆ ಮೊದಲು ಅಭಿನಂದನೆ ಸಲ್ಲಿಸುವುದು ಮರ್ಯಾದೆ. ಒಬ್ಬ ಅಜ್ಜಿಯ ಅಂತ್ಯಕ್ರಿಯೆಗೆ ಬಂದ ಆರು ಮಂದಿಯನ್ನು ಯಾರ ಕೈಯಲ್ಲೂ ಕೊಲೆ ಮಾಡಿಸದೆ, ಯಾರಿಗೂ ದುರುದ್ದೇಶವಿಲ್ಲದೆ, ಬರೀ ಆಕಸ್ಮಿಕದಿಂದಲೇ ಮೂರು ದಿನದೊಳಗೆ ಮೇಲಕ್ಕೆ ಕಳಿಸಿಕೊಟ್ಟ ತಮ್ಮ ಕೈಚಳಕ ಸಾಮಾನ್ಯದ್ದಲ್ಲ. ತೋರಿಕೆಗೆ ಅತಿಯಾಗಿ ಬಗ್ಗಿ ನಮಸ್ಕಾರ ಹಾಕಲು ಹೋದ ಆ ಅಜ್ಜಿಯ ಅಣ್ಣನ ಮಗ ಧೂಪದ ಮೇಜಿಗೆ ತಲೆ ಬಡಿದುಕೊಂಡು ಹೋದದ್ದು ಎಷ್ಟು ನ್ಯಾಯವಾಗಿತ್ತು! ಎಲ್ಲರಿಗಿಂತ ದೊಡ್ಡ ಪುಷ್ಪಚಕ್ರ ತನ್ನದೇ ಇರಬೇಕೆಂದು ಮರದ ಕಾಲಿನ ಮೇಲೆ ನಿಲ್ಲಿಸುವ ಮೂರಂತಸ್ತಿನದನ್ನು ಕಳಿಸಿದ ಕಂಪನಿಯ ಯಜಮಾನರ ಮೇಲೆ ಆ ಪುಷ್ಪಚಕ್ರವೇ ಉರುಳಿದಾಗಲಂತೂ ನಾನು ಚಪ್ಪಾಳೆ ತಟ್ಟಿದೆ. ಒಬ್ಬೊಬ್ಬರು ನೆಲಕ್ಕೆ ಬಿದ್ದಾಗಲೂ ತಮ್ಮ ಕ್ಯಾಮೆರಾ ಮೆಲ್ಲಗೆ ಮೇಲೆದ್ದು ನನ್ನ ನಗುಮುಖದ ಮೇಲೆ ನಿಲ್ಲುತ್ತದೆ. ಜನ ಹೊಟ್ಟೆ ಹುಣ್ಣಾಗುವಂತೆ ನಗುವುದು ಆಗಲೇ.

ಆ ಫೋಟೋ ತಮಗೆ ಸಿಕ್ಕ ಬಗೆಯನ್ನು ತಾವು ಮರೆತಿರಬಹುದು. ನಮ್ಮ ವಾರಗೆಯವರೆಲ್ಲ ತಮ್ಮ ತಮ್ಮ ಕ್ರಿಯೆಯ ದಿನ ಇಡಬೇಕಾದ ಕೊನೆಯ ಫೋಟೋಗಳನ್ನು ಬದುಕಿರುವಾಗಲೇ ತೆಗೆಸಿ, ಹೀಗೆ ಮಾಡಿದರೆ ಆಯಸ್ಸು ಹೆಚ್ಚುತ್ತದೆಂದು ಹೇಳಿಕೊಂಡು ಬೀರುವಿನಲ್ಲಿ ಇಟ್ಟಿದ್ದಾರೆ. ನಾನು ತೆಗೆಸಿರಲಿಲ್ಲ, ನನಗೆ ಅಂಥ ಯೋಚನೆಯೇ ಇರಲಿಲ್ಲ. ನಾನು ಸೂರ್ಯಕಾಂತಿ ಫೋಟೋ ಸ್ಟುಡಿಯೋಗೆ ಹೋದದ್ದು ಬೇರೆ ಕೆಲಸಕ್ಕೆ, ಅದನ್ನು ಮುಂದೆ ಹೇಳುತ್ತೇನೆ. ಸ್ಟುಡಿಯೋದ ಕಿಟಕಿಯಲ್ಲಿ ನನ್ನ ಮುಖ ಕಂಡು ಮನಸೋತ ತಮ್ಮ ತಂಡದ ಹುಡುಗಿ ಕಿತ್ತಳೆಯ ಪೆಟ್ಟಿಗೆ ಹೊತ್ತು ಅಂಗಡಿಗೆ ಬಂದು, “ಅಜ್ಜಿ, ನಿಮ್ಮ ಫೋಟೋನ ನಮ್ಮ ಸಿನಿಮಾಗೆ ಹಾಕ್ಕೊಳ್ಳೋಣ್ವಾ? ಎಲ್ಲಾ ಸೀನಲ್ಲೂ ನೀವೇ ಇರ್ತೀರ” ಎಂದಳು. ಎಲ್ಲಿ ತೂಗುಹಾಕುತ್ತೀಯಮ್ಮಾ ಎಂದು ನಾನು ಕೇಳಿದ್ದಕ್ಕೆ, “ಗೋಡೆ ನಟ್ಟನಡುವೆ ಅಜ್ಜಿ, ಸುತ್ತ ಹೂವು ಇರುತ್ತೆ. ದೊಡ್ಡ ದೊಡ್ಡವರೆಲ್ಲ ಬಂದು ನಿಮಗೆ ನಮಸ್ಕಾರ ಮಾಡ್ತಾರೆ” ಎಂದಳು. ಅವಳು ಒಂದಕ್ಷರವೂ ಸುಳ್ಳು ಹೇಳಲಿಲ್ಲ. ನಾಯಕನ ಪೂಜ್ಯ ತಾಯಿಯಾಗಿ ಅವನ ಹಜಾರದಲ್ಲಿ ನೆಲೆಸುತ್ತೇನೆಂದು ನಂಬಿ, ಕಾಗದ ಓದದೆ ಸಹಿ ಹಾಕಿದ ದಡ್ಡತನ ಪೂರ್ತಿ ನನ್ನದು.

ಬಿಡುಗಡೆಗೆ ಮುಂಚೆ ತಾವು ನಮ್ಮೂರಿನಲ್ಲಿ ಚಿತ್ರ ತೋರಿಸಿದ ದಿನ ಇಪ್ಪತ್ತೆರಡು ಮೀನು ಮಾರುವ ಹೆಂಗಸರು ಅಂಗಡಿ ಮುಚ್ಚಿ, ತುಟಿಗೆ ಬಣ್ಣ ಹಚ್ಚಿಕೊಂಡು ನನ್ನ ಜೊತೆ ಬಂದರು. ತೆರೆಯ ಮೇಲೆ ಮೊದಲು ಸೇವಂತಿಗೆ ಬಂತು, ಆಮೇಲೆ ನಾನು ಬಂದೆ, ಆಮೇಲೆ ಕಪ್ಪು ಪಟ್ಟಿ ಬಂತು. ಏಡಿ ಮಾರುವ ಯೊನ್‌ಒಕ್ ಎದೆ ಬಡಿದುಕೊಂಡು, “ಅಯ್ಯಯ್ಯೋ, ನಮ್ಮ ಪಿಲ್‌ಸುನಕ್ಕ ಹೋಗ್ಬಿಟ್ಲಲ್ಲಪ್ಪಾ!” ಎಂದು ಚಿತ್ರಮಂದಿರ ಹಾರಿಹೋಗುವಂತೆ ಕಿರುಚಿದಳು. “ನಿನ್ನ ಪಕ್ಕದಲ್ಲೇ ಕೂತಿದೀನಿ ಕಣೇ, ಬಾಯ್ಮುಚ್ಚು” ಎಂದು ನಾನು ತೊಡೆ ಚಿವುಟಬೇಕಾಯಿತು. ಅವಳು ನನ್ನನ್ನು ನೋಡಿದಳು, ತೆರೆಯನ್ನು ನೋಡಿದಳು, ಮತ್ತೆ ತೆರೆಯನ್ನೇ ನಂಬಿದಳು.

ಈ ನಡುವೆ ತಮಗೊಂದು ಗುಟ್ಟು ಹೇಳಬೇಕು. ಅಂತ್ಯಕ್ರಿಯೆಯ ಭವನದ ಒಂದು ಕೋಣೆಯಲ್ಲಿ ಅಜ್ಜಿಯ ಕ್ರಿಯೆ ನಡೆಯುವಾಗ ಅಲ್ಲೇ ಸತ್ತವನಿಗೆ ಪಕ್ಕದ ಕೋಣೆ ಹಿಡಿದು, ಬಂದ ಜನವೆಲ್ಲ ಸಾರಿನ ಬಟ್ಟಲು ಕೈಯಲ್ಲಿ ಹಿಡಿದುಕೊಂಡೇ ಆ ಕೋಣೆಗೆ ದಾಟುವ ದೃಶ್ಯವೊಂದಿದೆ. ಅದು ತೀರಾ ಉತ್ಪ್ರೇಕ್ಷೆಯಾಯಿತೆಂದು ಪತ್ರಿಕೆಯವರು ಬರೆದರಂತೆ. ಮಾನ್ಯರೇ, ಅದು ಉತ್ಪ್ರೇಕ್ಷೆಯಲ್ಲ. ಹತ್ತೊಂಬತ್ತು ವರ್ಷದ ಹಿಂದೆ ನನ್ನ ಗಂಡ ನೆರೆಯವರೊಬ್ಬರ ಕ್ರಿಯೆಗೆ ಹೋಗಿ, ನಮಸ್ಕಾರ ಮಾಡಿ, ಉಂಡು, ನಡುಮಧ್ಯಾಹ್ನ ಷೂ ಬಿಡುವ ಕಟ್ಟೆಯ ಅಂಚಿನಲ್ಲಿ ಕೂತು ಇಸ್ಪೀಟೆಲೆ ಆಡುತ್ತಾ, ಒಳ್ಳೆಯ ಎಲೆ ಬಂತೆಂದು ತಲೆ ಹಿಂದಕ್ಕೆ ಚೆಲ್ಲಿ ನಕ್ಕು, ಹಾಗೆಯೇ ಹಿಂದಕ್ಕೆ ಉರುಳಿ ನೂರು ಜೊತೆ ಷೂಗಳ ನಡುವೆ ಪ್ರಾಣ ಬಿಟ್ಟರು. ಎರಡನೇ ಕೋಣೆಯವರೆಲ್ಲ ಲೋಟ ಹಿಡಿದುಕೊಂಡು ಅವರಿಗೆಂದು ಹಿಡಿದ ಮೂರನೇ ಕೋಣೆಗೆ ಬಂದರು. ಸಂತಾಪ ಹೇಳಲು ಬಂದವರು ಹೇಗಾಯಿತೆಂದು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ, ಅವರ ತುಟಿಯ ಕೊನೆ ಅಲುಗುತ್ತಿತ್ತು. ಆಮೇಲಾಮೇಲೆ ‘ಹೃದಯ’ ಎನ್ನತೊಡಗಿದೆ. ತಮ್ಮ ಚಿತ್ರದಲ್ಲಿ ಬಟ್ಟಲು ಹಿಡಿದ ಸಾಲು ಕಂಡಾಗ ಇಡೀ ಚಿತ್ರಮಂದಿರ ನಕ್ಕಿತು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಹತ್ತೊಂಬತ್ತು ವರ್ಷ ಬಿಗಿಹಿಡಿದದ್ದನ್ನು ತಾವು ಹೀಗೆ ಸಡಿಲಿಸಿದ್ದಕ್ಕೆ ಕೃತಜ್ಞತೆ ಹೇಳಬೇಕೋ ತಮ್ಮ ಕಿವಿ ಹಿಂಡಬೇಕೋ ಇನ್ನೂ ತೀರ್ಮಾನಿಸಿಲ್ಲ.

ಈಗ ದೂರಿಗೆ ಬರುತ್ತೇನೆ. ಸೋನ್ ಮಾನ್‌ಸಿಕ್ ಎಂಬವರು ದ್ವೀಪಗಳಿಗೆ ಹೋಗುವ ಹಡಗಿನ ಕ್ಯಾಪ್ಟನ್ ಆಗಿದ್ದು ನಿವೃತ್ತರಾದವರು, ಹೆಂಡತಿ ಕಾಯಿಲೆಯಿಂದ ತೀರಿಹೋಗಿ ಎಂಟು ವರ್ಷವಾದವರು. ಅಡುಗೆ ಬಾರದ ಈ ಮನುಷ್ಯ ಒಂದು ವರ್ಷ ಪೂರ್ತಿ ಮೂರು ದಿನಕ್ಕೊಮ್ಮೆ ತಪ್ಪದೆ ಬಂದು ಸಾರಿಗೆ ಹಾಕುವ ಒಣಮೀನು ಕೊಳ್ಳುತ್ತಿದ್ದರು. ಒಂದು ದಿನ ನಾನೇ ಕೇಳಿದೆ. ಅದನ್ನೆಲ್ಲ ಏನು ಮಾಡ್ತೀರಿ ಎಂದರೆ, “ಬೆಕ್ಕುಗಳಿಗೆ ಹಾಕ್ತೀನಿ. ಈಗ ಹನ್ನೊಂದಾಗಿವೆ. ನೀವು ಬೇಗ ಒಪ್ಕೊಂಡ್ರೆ ಇಷ್ಟಕ್ಕೇ ನಿಲ್ಲುತ್ತೆ” ಎಂದರು. ನಾನು ಒಪ್ಪಿದೆ. ಮುಂದಿನ ವರ್ಷ ಸಿಂಪಿ ತೆಗೆಯುವ ಕಾಲಕ್ಕೆ ಮದುವೆಯೆಂದು ನಿಶ್ಚಯವಾಯಿತು. ಆದರೆ ತಂದೆತಾಯಿ ಇಲ್ಲದ ಅವರನ್ನು ಸಾಕಿ ಬೆಳೆಸಿದವರು ಯೊಕ್ಜಿ ದ್ವೀಪದ ಅಕ್ಕ ಒಕ್‌ಬುನ್, ಈಗ ಎಂಬತ್ತನಾಲ್ಕು. ಆ ಅಕ್ಕ ಹೂಂ ಎನ್ನದೆ ಅವರು ಹೊಸ ಚಪ್ಪಲಿಯನ್ನೂ ಮೆಟ್ಟುವವರಲ್ಲ. ಹುಡುಗಿಯ ಫೋಟೋ ಕಳಿಸು ಎಂದು ಅಕ್ಕನ ಅಪ್ಪಣೆಯಾಗಿತ್ತು. ನಾನು ಸ್ಟುಡಿಯೋಗೆ ಹೋಗಿ, ಹನ್ನೊಂದು ಬೆಕ್ಕುಗಳನ್ನು ನೆನೆದು ನಕ್ಕದ್ದು ಅಕ್ಕನಿಗೆ ಕಳಿಸಿದ ಆ ಫೋಟೋಕ್ಕಾಗಿ.

ನಮ್ಮೂರಿನ ಆ ಪ್ರದರ್ಶನವಾದ ಮೇಲೆ ತಾವು ಅದೇ ನಗುವನ್ನು ಕಪ್ಪು ಪಟ್ಟಿಯ ಸಮೇತ ಪೋಸ್ಟರಿಗೆ ಹಾಕಿ, ಕೆಳಗೆ ಬಿಡುಗಡೆಯ ತಾರೀಖು ಬರೆದು, ಕರಾವಳಿಯ ಎಲ್ಲ ಹಡಗುಕಟ್ಟೆಗಳಲ್ಲಿ ಅಂಟಿಸಿದಿರಿ. ಕಣ್ಣು ಮಬ್ಬಾಗಿರುವ ಅಕ್ಕನಿಗೆ ದೊಡ್ಡದಾಗಿದ್ದ ಎರಡು ಮಾತ್ರ ಕಂಡವು: ತಮ್ಮನ ಹುಡುಗಿಯ ಮುಖ, ಮತ್ತು ತಾರೀಖು. ಅದೇ ನನ್ನ ಕ್ರಿಯೆಯ ದಿನವೆಂದು ತಿಳಿದು, ಆ ಒಂಬತ್ತನೇ ತಾರೀಖಿನ ಬೆಳಗಿನ ಹಡಗಿನಲ್ಲಿ ಕಪ್ಪು ಬಟ್ಟೆ ತೊಟ್ಟು, ಗೆಣಸಿನ ಚೀಲ ಹೊತ್ತು, ತಮ್ಮನಿಗೆ ಫೋನು ಮಾಡಿದರೆ ಅವನು ಅತ್ತುಬಿಟ್ಟಾನೆಂದು ಹೆದರಿ ಅವನಿಗೂ ಹೇಳದೆ, ಆಕೆ ನೇರವಾಗಿ ನನ್ನ ಅಂಗಡಿಗೆ ಬಂದರು.

ಆ ಅಂಗಡಿಯಲ್ಲಿ ಏನಿತ್ತೆಂದು ಊಹಿಸಿ. ನನ್ನ ಕೀರ್ತಿಗೆ ಹಿಗ್ಗಿದ ಯೊನ್‌ಒಕ್ ಹಿಂದಿನ ಸಂಜೆ ತಾನೇ ಪೋಸ್ಟರನ್ನು ಗೋಡೆಗೆ ಅಂಟಿಸಿ, ಅದರ ಮುಂದೆ ಗಿರಾಕಿಗಳು ತಿನ್ನಲೆಂದು ಕಿತ್ತಳೆಯ ತಟ್ಟೆ ಇಟ್ಟಿದ್ದಳು. ಕಪ್ಪು ಪಟ್ಟಿಯ ಫೋಟೋ, ಅದರ ಕೆಳಗೆ ಹಣ್ಣು. ಅಕ್ಕ ಮೊಣಕಾಲು ನೋವಿನಲ್ಲಿ ನರಳುತ್ತಾ ಹಣೆ ನೆಲಕ್ಕೆ ಮುಟ್ಟಿಸಿ ಒಂದು ನಮಸ್ಕಾರ ಹಾಕಿದರು, ಎದ್ದು ಎರಡನೆಯದನ್ನೂ ಹಾಕಿದರು. ಬದುಕಿರುವವರಿಗೆ ಒಂದು, ಸತ್ತವರಿಗೆ ಎರಡು. ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ಲೆಕ್ಕ. ಎರಡನೆಯದು ಮುಗಿಸಿ ಅವರು ತಲೆ ಎತ್ತುವುದಕ್ಕೂ ಒಳಗಿನಿಂದ ನಾನು ಮೀನಿನ ಪೆಟ್ಟಿಗೆ ಹಿಡಿದು ಬರುವುದಕ್ಕೂ ಸರಿಹೋಯಿತು. ಬನ್ನಿ, ಏನು ಬೇಕು ಎಂದೆ. ಅವರು ಚೀರಿ ಹಿಂದಕ್ಕೆ ಬಿದ್ದರು. ಮೂರು ಚೀಲ ಒಣಮೀನು ಅಲ್ಲಿ ಇಲ್ಲದೆ ಹೋಗಿದ್ದರೆ ತಮ್ಮ ಚಿತ್ರಕ್ಕೆ ಏಳನೆಯ ಸಾವು ನನ್ನ ಅಂಗಡಿಯಲ್ಲೇ ಸಿಗುತ್ತಿತ್ತು.

ಉಸಿರು ಬಂದೊಡನೆ ಅವರು ಮಾಡಿದ ಮೊದಲ ಕೆಲಸ ಕೈಚೀಲದಿಂದ ನನ್ನನ್ನು ಬಾರಿಸಿದ್ದು. “ಬದುಕಿದ್ರೆ ಬದುಕಿದೀನಿ ಅಂತ ಒಂದ್ಮಾತು ಹೇಳೋಕೆ ಏನಾಗಿತ್ತೇ ನಿಂಗೆ!” ಎಂದರು. ಓಡಿಬಂದ ಮಾನ್‌ಸಿಕ್ ಎಷ್ಟು ವಿವರಿಸಿದರೂ ಜಗ್ಗಲಿಲ್ಲ. ನಾನು ವಾರ್ಡು ಕಚೇರಿಯಿಂದ ಬದುಕಿರುವ ಬಗ್ಗೆ ಮೊಹರು ಒತ್ತಿದ ಪ್ರಮಾಣಪತ್ರ ತಂದು ಮುಂದಿಟ್ಟೆ. “ಕಾಗದದಲ್ಲಿ ಬದುಕಿದ್ರೆ ಆಯ್ತಾ? ನಾನು ನೆಲಕ್ಕೆ ಹಣೆ ಹಚ್ಚಿ ಎರಡು ಸಲ ಬಿದ್ದಿದೀನಿ. ಹಾಕಿದ ನಮಸ್ಕಾರನ ವಾಪಸ್ ತಗೊಳ್ಳೋಕೆ ಆಗುತ್ತಾ? ಸತ್ತೋಳನ್ನ ನನ್ ತಮ್ಮನಿಗೆ ಕಟ್ಟಲ್ಲ” ಎಂದರು. ಯೊನ್‌ಒಕ್ ತಾನು ತಂದಿಟ್ಟ ಕಷ್ಟವನ್ನು ತಾನೇ ಪರಿಹರಿಸಲು, “ಅಜ್ಜಿ, ಇನ್ನೊಂದು ಹಾಕ್ಬಿಡಿ, ಮೂರಾದ್ರೆ ಬುದ್ಧನಿಗೆ ಹಾಕಿದಂಗಾಗುತ್ತೆ” ಎಂದಳು. “ಇವಳು ಬುದ್ಧ ಆಗ್ಬಿಟ್ರೆ ಅವನ ಜೊತೆ ಸಂಸಾರ ಮಾಡೋರು ಯಾರೇ?” ಎಂದು ಅಕ್ಕ ಗದರಿದರು. ಕೊನೆಗೆ ಒಂದೇ ದಾರಿಯಿದೆ ಎಂದರು: ಪಟ್ಟಿ ಕಟ್ಟಿದವನೇ ಬಂದು ತನ್ನ ಕೈಯಾರೆ ಬಿಚ್ಚಬೇಕು. ಅಲ್ಲಿಯವರೆಗೆ ಮದುವೆಯ ಮಾತಿಲ್ಲ. ಮಾನ್‌ಸಿಕ್ ಅಕ್ಕನ ಗೆಣಸಿನ ಚೀಲ ಹೊತ್ತು ಹಡಗುಕಟ್ಟೆಗೆ ನಡೆದರು. ಅವರ ಬೆನ್ನು ನೋಡುತ್ತಾ ನಿಂತಾಗ, ಈ ವಯಸ್ಸಿನಲ್ಲೂ ಹೀಗೆ ನೋಯುತ್ತದೆಯೇ ಎಂದು ನನಗೇ ನಾಚಿಕೆಯಾಯಿತು.

ಆದ್ದರಿಂದ ಮಾನ್ಯರೇ, ತಮ್ಮ ಅಮೂಲ್ಯ ಸಮಯದ ಬಗ್ಗೆ ಪೂರ್ಣ ಗೌರವವಿಟ್ಟು ವಿನಂತಿಸುತ್ತೇನೆ. ತಾವು ಕಪ್ಪು ಕೋಟು ತೊಟ್ಟು ತೊಂಗ್‌ಯೊಂಗಿಗೆ ಬಂದು ನನ್ನ ಅಂಗಡಿಯ ಪೋಸ್ಟರಿನಿಂದ ಪಟ್ಟಿಯನ್ನು ಬಿಚ್ಚಿಕೊಡಬೇಕು. ಅದು ಮುದ್ರಿಸಿದ ಪಟ್ಟಿ, ಬಿಚ್ಚಲು ಬರುವುದಿಲ್ಲವೆಂದು ಬಲ್ಲೆ. ಆರು ಮಂದಿಯನ್ನು ಅಷ್ಟು ಸುಲಭವಾಗಿ ಸಾಯಿಸಿದವರಿಗೆ ಇದೇನು ದೊಡ್ಡದು? ನಂತರ ದೇಶದಲ್ಲಿ ಚಿತ್ರ ಓಡುತ್ತಿರುವ ಪ್ರತಿ ಚಿತ್ರಮಂದಿರಕ್ಕೂ ಹೋಗಿ, ಕೊನೆಯಲ್ಲಿ ದೀಪ ಹತ್ತಿದೊಡನೆ ಎದ್ದು ನಿಂತು, ಅಜ್ಜಿ ಬದುಕಿದ್ದಾಳೆ, ವೈದ್ಯರು ಅವಸರ ಮಾಡಿದರು ಎಂದು ಪ್ರೇಕ್ಷಕರಿಗೆ ತಿಳಿಸಬೇಕು. ಸಾಧ್ಯವಾದರೆ ಇನ್ನೊಂದು ದೃಶ್ಯ ತೆಗೆದು ಸೇರಿಸಿ: ನಾನು ಫೋಟೋದಿಂದ ಇಳಿದುಬಂದು, ಮಿಕ್ಕಿರುವ ಸಾರನ್ನು ಕುಡಿದು, ಷೂ ಹುಡುಕಿಕೊಂಡು ಮನೆಗೆ ಹೋಗುವುದು. ನಟಿಸಲು ನಾನು ಸಿದ್ಧ, ಸಾರನ್ನೂ ನಾನೇ ಮಾಡಿ ತರುತ್ತೇನೆ.

ಉತ್ತರಕ್ಕಾಗಿ ಅಂಗಡಿಯ ಬಾಗಿಲಲ್ಲೇ ಕಾದಿರುವ,
ತಮ್ಮ ವಿಶ್ವಾಸಿ, ಮತ್ತು ಈ ಕ್ಷಣದವರೆಗೂ ಜೀವಂತ,
ಮಾ ಪಿಲ್‌ಸುನ್

ತಾ.ಕ.: ಪತ್ರಕ್ಕೆ ಅಂಚೆಚೀಟಿ ಹಚ್ಚುವಷ್ಟರಲ್ಲಿ ಒಕ್‌ಬುನ್ ಅಕ್ಕ ಮತ್ತೆ ಬಂದರು. ವೈರಿಯ ಮುಖವನ್ನು ಪೂರ್ತಿ ನೋಡಿಬಿಡಬೇಕೆಂದು ಒಬ್ಬರೇ ಕೂತು ತಮ್ಮ ಚಿತ್ರ ನೋಡಿ ಬಂದಿದ್ದರು. ಅಂಗಡಿಯ ಸ್ಟೂಲಿನ ಮೇಲೆ ಕೂತು, ತಟ್ಟೆಯಿಂದ ಒಂದು ಕಿತ್ತಳೆ ತೆಗೆದು ಸುಲಿದರು. ಆಮೇಲೆ, “ಬಂದೋರೆಲ್ಲ ಹೋದ್ರು, ನೀನೊಬ್ಳು ಕೊನೇತನಕ ನಗ್ತಾ ಕೂತಿದ್ದೆ” ಎಂದರು. “ಮೊದಲ್ನೇ ಹೆಂಡ್ತಿ ಹೋದಾಗ ಮಾನ್‌ಸಿಕ್ ಒಂದ್ವರ್ಷ ಸರಿಯಾಗಿ ಅನ್ನ ತಿನ್ಲಿಲ್ಲ ಕಣೆ. ಪೋಸ್ಟರಲ್ಲಿ ನಿನ್ನ ನೋಡ್ದಾಗ ನಂಗೆ ನಿನ್ ಚಿಂತೆ ಬರ್ಲಿಲ್ಲ, ಅವನದ್ದೇ ಬಂತು. ಮಾತು ಕೊಡು. ಅವನು ಮೊದಲು ಹೋಗ್ಬೇಕು, ನೀನು ಆಮೇಲೆ. ಅವನ ಫೋಟೋ ಮುಂದೆ ಎರಡು ನಮಸ್ಕಾರ ಹಾಕೋಳು ನೀನೇ ಆಗ್ಬೇಕು.” ನಾನು ಮಾತು ಕೊಟ್ಟೆ. ಮದುವೆ ಇಪ್ಪತ್ತಾರಕ್ಕೆ. ತಾವು ಬರುವ ಅಗತ್ಯವಿಲ್ಲ. ಇದನ್ನು ಮಾತ್ರ ಮುಂದಿನ ಚಿತ್ರಕ್ಕೆ ಕದಿಯಬೇಡಿ, ತಮ್ಮ ಪ್ರೇಕ್ಷಕರು ಎಲ್ಲಿ ನಗಬೇಕೆಂದು ತಿಳಿಯದೆ ಕಂಗಾಲಾದಾರು.