ದಿನೇ ದಿನೇ ಚಿಕ್ಕವನಾದ ಹೀರೋ

ನಮ್ಮ ಚಿಕ್ಕಪ್ಪನಿಗೆ ಹಾಲಿವುಡ್ಡಿನಲ್ಲಿ ಒಬ್ಬ ನೆಂಟನಿದ್ದಾನೆ. ನಗಬೇಡಿ! ಕಪ್ಪು ಬಿಳುಪಿನ ಕಾಲದ ಆ ನಟ ತೀರಿಕೊಂಡು ಎಷ್ಟೋ ಕಾಲವಾಯಿತು. ಹೊನ್ನಾವರವೆಂಬ ಊರಿರುವುದೂ ಅವನಿಗೆ ಗೊತ್ತಿದ್ದಿರಲಾರದು. ಆದರೂ ಚಿಕ್ಕಪ್ಪನಿಗೆ ಅವನು ‘ನಮ್ಮಂವ’. ಉಳಿದಿರುವ ನಾಲ್ಕು ಕೂದಲಿಗೆ ಇಂದಿಗೂ ಕೊಬ್ಬರಿ ಎಣ್ಣೆ ಹಚ್ಚಿ ಅವನಂತೆಯೇ ಹಿಂದಕ್ಕೆ ಬಾಚುತ್ತಾರೆ. ಹೆಣ್ಣು ನೋಡಲು ಕುಮಟೆಗೆ ಹೋದದ್ದೂ ಇದೇ ಕ್ರಾಪಿನಲ್ಲಂತೆ. ಹುಡುಗಿ ಒಳಗೆ ನಕ್ಕದ್ದು ಜಗಲಿಯವರೆಗೂ ಕೇಳಿಸಿತಂತೆ. ಆ ಹುಡುಗಿಯೇ ನಮ್ಮ ಚಿಕ್ಕಮ್ಮ.

ನಮ್ಮಂವ ಮೇಲೆ ಬಂದ ಕಥೆಯನ್ನು ಚಿಕ್ಕಪ್ಪನ ಬಾಯಲ್ಲೇ ಕೇಳಬೇಕು. “ಆಗಿನ ಸಿನಿಮಾ ಕಂಪನಿ ಅಂದ್ರೆ ಎಂತ ಅಂದ್ಕಂಡೆ? ಯಕ್ಷಗಾನ ಮೇಳ ಇದ್ದಾಂಗೆ. ಕರಾರಿಗೆ ಸಹಿ ಹಾಕ್ದ ಮೇಲೆ ಯಜಮಾನ ಹೇಳಿದ ವೇಷ ಕಟ್ಟಬೇಕು. ಮೊದ್ಲು ಗುಂಪಲ್ಲಿ ನಿಂತ, ಆಮೇಲೆ ಬಾಗಿಲು ತೆಗ್ದ, ಮತ್ತೆ ಒಂದು ಮಾತು ಸಿಕ್ತು, ಕಡಿಗೆ ರಾಜ!” ಎದುರು ಕೂತವರು ಆಕಳಿಸಿದರೋ, ಕಥೆ ಪುನಃ ಗುಂಪಿನಿಂದ ಶುರು.

ಹೋದ ವರ್ಷ ಭಟ್ಕಳದ ಮೊಬೈಲ್ ಅಂಗಡಿಯೊಂದರಲ್ಲಿ ನಮ್ಮಂವನ ಸಿನಿಮಾಗಳನ್ನೆಲ್ಲ ಪೆನ್‌ಡ್ರೈವಿಗೆ ತುಂಬಿಸಿಕೊಂಡರು. ಅಂಗಡಿಯವನು ಪಾಪ, ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಜೋಡಿಸಿಟ್ಟಿದ್ದ.

“ಉಲ್ಟಾ ಮಾಡು ಮಾರಾಯ. ಕಡೇದು ಮೊದ್ಲು ಬರ್ಲಿ.”

“ಉಲ್ಟಾ ಯಾರು ನೋಡ್ತಾರೆ ಸಾಹೇಬ್ರೇ?”

“ನಾನು, ನನ್ನ ಹೆಂಡ್ತಿ!”

ಅಂದಿನಿಂದ ಮಧ್ಯಾಹ್ನದ ಊಟವಾದ ಮೇಲೆ ಇಬ್ಬರೂ ಟೀವಿಯ ಮುಂದಿನ ಬೆಂಚಿನಲ್ಲಿ. ಮೊದಲ ದಿನವೇ ಹೀರೋ ಸತ್ತುಹೋದ! ಮರುದಿನ ಕೋಲೂರಿಕೊಂಡು ಎದ್ದುಬಂದ. ಬರಬರುತ್ತಾ ಬೆನ್ನು ನೆಟ್ಟಗಾಯಿತು, ಕೂದಲು ಕಪ್ಪಾಯಿತು, ಕುದುರೆ ಹತ್ತಿದ, ಪ್ರೇಮಕ್ಕೂ ಬಿದ್ದ. ಶರಾವತಿಯ ಕಡೆಯಿಂದ ಗಾಳಿ ಬಂದು ಕಿಟಕಿಯ ಪರದೆ ಎದ್ದಾಗಲೆಲ್ಲ ಬೆಳಕು ಅಲುಗಾಡಿ, ಟೀವಿಯೊಳಗಿನ ರಾಜಕುಮಾರಿ ನಮ್ಮ ಗೋಡೆಯ ಮೇಲೆ ತೇಲಿಹೋದಂತೆ ಕಾಣುತ್ತಿತ್ತು. ನಾನೂ ಅರೆನಿದ್ದೆಯಲ್ಲಿ ನೋಡುತ್ತಿದ್ದೆ.

“ಚಿಕ್ಕಪ್ಪಾ, ಸರಿಯಾಗಿ ಮೊದ್ಲಿಂದ ನೋಡಿದ್ರೆ ಎಂತ ಆಗ್ತದೆ?” ಎಂದು ಒಂದು ದಿನ ಕೇಳಿಯೇಬಿಟ್ಟೆ.

“ಇವ್ಳು ಹಿಂದೆ ಹಿಂದೆ ಹೋಗ್ತಾ ಇದ್ದಾಳಲ್ಲ ಮಗಾ. ಒಬ್ಳನ್ನೇ ಹ್ಯಾಂಗೆ ಕಳ್ಸುದು?”

ಚಿಕ್ಕಮ್ಮನಿಗೆ ಮರೆವಿನ ಕಾಯಿಲೆ. ಮೊದಲು ನಿನ್ನೆ ಮರೆಯಿತು, ಆಮೇಲೆ ಈ ಮನೆ, ಆಮೇಲೆ ನಾನು. ಚಿಕ್ಕಪ್ಪ ಹೆದರಿದ್ದು ಒಂದಕ್ಕೇ: ಅವಳು ತನ್ನನ್ನು ಮರೆಯುವ ಸರದಿ ಬರುವುದಕ್ಕೆ.

ಮೊನ್ನೆ ಉಳಿದದ್ದು ನಮ್ಮಂವನ ಮೊಟ್ಟಮೊದಲ ಸಿನಿಮಾ. ಗುಂಪಿನಲ್ಲಿ ತಟ್ಟೆ ಹಿಡಿದು ನಿಂತ ಹುಡುಗ, ಕೂದಲು ಹಿಂದಕ್ಕೆ. ಚಿಕ್ಕಮ್ಮ ಅವನನ್ನು ನೋಡಿದಳು. ಪಕ್ಕಕ್ಕೆ ತಿರುಗಿ ಚಿಕ್ಕಪ್ಪನನ್ನು ನೋಡಿದಳು. ಸೆರಗು ಸರಿಮಾಡಿಕೊಂಡು, “ಯಾರು ನೀವು? ಆಚೆ ಕೂತ್ಕಳಿ, ಅಪ್ಪ ಬರ್ತಾನೆ” ಎಂದಳು.

ಚಿಕ್ಕಪ್ಪ ಬೆಂಚಿನ ತುದಿಗೆ ಸರಿದು ಕೂತರು. ನಾಲ್ಕು ಕೂದಲನ್ನು ಹಿಂದಕ್ಕೆ ಸವರಿಕೊಂಡರು.

“ಹೊನ್ನಾವರದಿಂದ ಬಂದೆ. ಇಲ್ಲಿ ಒಂದು ಹುಡುಗಿ ನೋಡುದಿತ್ತು.”

ಚಿಕ್ಕಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು.

“ತಲೆಗೆ ಎಣ್ಣೆ ಜಾಸ್ತಿ ಆತು” ಎಂದಳು. ಸ್ವಲ್ಪ ಹೊತ್ತು ನೋಡಿ, “ಆದ್ರೂ ಅಡ್ಡಿಲ್ಲೆ” ಎಂದಳು.