ಮಗಳೊಬ್ಬಳನ್ನು ಬಿಟ್ಟು ಮನೆಮಂದಿಯನ್ನೆಲ್ಲ ಎಬ್ಬಿಸುವ ಅಲಾರಂ ಅವರಿಗೆ

ಹಾಸಿಗೆ ಒದ್ದೆಯಾದ ಕೂಡಲೇ ಕೂಗುವ ಮಾನ್ಯ ಅಲಾರಂ ಅವರೇ,

ಎಂಟು ವರ್ಷದ ನನ್ನ ಮಗಳ ಚಡ್ಡಿಗೆ ಕ್ಲಿಪ್ಪಿನಿಂದ ಅಂಟಿಕೊಂಡು, ಒಂದು ಹನಿ ಬಿದ್ದರೂ ಊರಿಗೇ ಬೆಂಕಿ ಬಿದ್ದಂತೆ ಅರಚುವ ತಮ್ಮ ಕರ್ತವ್ಯನಿಷ್ಠೆಗೆ ನಮ್ಮ ಕುಟುಂಬದ ಪರವಾಗಿ, ಆಕಳಿಸುತ್ತಲೇ, ನಮಸ್ಕಾರಗಳು. ತಾವು ಬಂದ ಮೇಲೆ ಯಜಮಾನರು ಎದ್ದರು, ಅತ್ತೆಯವರು ಎದ್ದರು, ಗೋಡೆಯಾಚೆಯ ಬಾಡಿಗೆದಾರರೂ ಎದ್ದು ಬಚ್ಚಲಿಗೆ ಹೋಗಿಬಂದರು. ಏಳದವಳು, ಯಾರಿಗಾಗಿ ತಾವು ದಯಮಾಡಿಸಿದಿರೋ ಅವಳೊಬ್ಬಳೇ.

ತಮ್ಮನ್ನು ಬರೆದುಕೊಟ್ಟ ಮಕ್ಕಳ ಡಾಕ್ಟರು ಬಹಳ ಸಜ್ಜನರು. ಮಲಬದ್ಧತೆ ಇದೆಯೇ, ಉರಿಮೂತ್ರವೇ, ಸಂಜೆ ಎಷ್ಟು ಕುಡಿಯುತ್ತಾಳೆ ಎಂದೆಲ್ಲ ವಿಚಾರಿಸಿ, ಮೂತ್ರ ಪರೀಕ್ಷೆ ಮಾಡಿಸಿ, ಇದು ಸೋಮಾರಿತನವಲ್ಲ, ಬೈಯಬೇಡಿ ಎಂದರು. ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದಾಗ ಯಜಮಾನರು ಗೋಡೆಯ ಮೇಲಿನ ಚಿತ್ರ ನೋಡುತ್ತ ಕುಳಿತರು, ಅತ್ತೆಯವರು ಮಾತ್ರ, "ಇವ್ನೇನು ಕಮ್ಮಿನಾ?" ಎಂದು ಮಗನ ಮಾನ ಹರಾಜು ಹಾಕಿದರು.

ತಿಂಗಳುಗಳು ಕಳೆದರೂ ಫಲ ಕಾಣದೆ ಮತ್ತೆ ಹೋದಾಗ, ಅಲಾರಂ ಕೂಗಿದರೆ ಏನು ಮಾಡುತ್ತೀರಿ ಎಂದರು ಡಾಕ್ಟರು. "ಪಾಪ, ಮಗು ಮಲ್ಕೊಂಡಿರ್ಲಿ ಅಂತ ಓಡ್ಹೋಗಿ ಆಫ್ ಮಾಡ್ತೀನಿ," ಎಂದರು ಅತ್ತೆಯವರು ಹೆಮ್ಮೆಯಿಂದ. ಮಗುವನ್ನೇ ಎಬ್ಬಿಸಿ, ಅವಳ ಕೈಯಿಂದಲೇ ಆಫ್ ಮಾಡಿಸಿ, ಬಚ್ಚಲಿಗೆ ನಡೆಸಬೇಕೆಂದು ಡಾಕ್ಟರು ಮೊದಲೇ ಹೇಳಿದ್ದರು. ನಾವೆಲ್ಲ ತಲೆಯಾಡಿಸಿಯೂ ಬಂದಿದ್ದೆವು.

ಇಷ್ಟಕ್ಕೆ ದೂರೇಕೆ ಎನ್ನುವಿರಾ? ರಜೆ ಬಂದಿದೆ. ನಾದಿನಿಯ ಮನೆಯಲ್ಲಿ ಮಕ್ಕಳೆಲ್ಲ ಸಾಲಾಗಿ ಒಂದೇ ಕೋಣೆಯಲ್ಲಿ ಮಲಗುತ್ತಾರೆ. ಪ್ರತಿ ಸಲವೂ ಹೊರಡುವ ಹೊತ್ತಿಗೆ ಸರಿಯಾಗಿ ಇವಳಿಗೆ ಹೊಟ್ಟೆನೋವು. ತುಂಬಿದ ಬಟ್ಟೆಯ ಚೀಲವನ್ನು ಸದ್ದಿಲ್ಲದೆ ಖಾಲಿ ಮಾಡಿ, ಬಟ್ಟೆಗಳನ್ನು ಮರಳಿ ಬೀರುವಿಗೆ ಜೋಡಿಸುತ್ತಾಳೆ. ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಹನಿ ಬೀಳುವ ಮೊದಲೇ ಅವಳ ಕನಸಿನೊಳಗೆ ಹೊಕ್ಕು, ಅವಳಿಗಷ್ಟೇ ಕೇಳುವಂತೆ ಪಿಸುಗುಟ್ಟಬೇಕಾಗಿ ವಿನಂತಿ. ಅತ್ತೆಯವರನ್ನು ಕಂಡೊಡನೆ ತಮ್ಮ ಗುಂಡಿಯನ್ನು ನುಂಗಿಕೊಳ್ಳುವುದು ಸಾಧ್ಯವಾದರೆ ಇನ್ನೂ ಉಪಕಾರ.

ನಿದ್ದೆಗೆಟ್ಟರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಒಬ್ಬ ತಾಯಿ

ತಾ.ಕ.: ಇಷ್ಟು ಬರೆದಿಟ್ಟ ಮೇಲೆ ಯಜಮಾನರು ಮಗಳ ಪಕ್ಕ ಕುಳಿತು, ಚಿಕ್ಕಂದಿನಲ್ಲಿ ತಮ್ಮ ಹಾಸಿಗೆಯೂ ಹೀಗೇ ಒದ್ದೆಯಾಗುತ್ತಿದ್ದುದನ್ನು ಕೊನೆಗೂ ಬಾಯಿಬಿಟ್ಟು ಹೇಳಿದರು. ಅವಳು ನಕ್ಕಳು, ಅಲಾರಂ ಅವರೇ, ತಮ್ಮನ್ನು ತಾನೇ ಚೀಲಕ್ಕೆ ಹಾಕಿಕೊಂಡಳು, ಫೋನಿನಲ್ಲಿ ಅಲ್ಲಿನ ಮಕ್ಕಳಿಗೆ, "ನಂಗೆ ರಾತ್ರಿ ಎಚ್ಚರ ಆಗಲ್ಲ, ಇದು ಕೂಗುತ್ತೆ. ಯಾರೂ ಆಫ್ ಮಾಡ್ಬೇಡಿ, ನನ್ನ ಎಬ್ಬಿಸಿ," ಎಂದು ಹೇಳಿ ಹೊರಟೇಬಿಟ್ಟಳು. ನಾದಿನಿಯ ಗಂಡನಾದರೋ, "ಎರಡೇಟು ಬಿಟ್ರೆ ಎಲ್ಲಾ ಸರಿಹೋಗುತ್ತೆ" ಎಂದು ನಮಗೆ ಪುಕ್ಕಟೆ ಸಲಹೆ ಕೊಡುತ್ತ ಬಂದವರು. ಅವರು ಮಲಗುವುದು ಮಕ್ಕಳ ಪಕ್ಕದ ಕೋಣೆಯಲ್ಲೇ. ತಾವು ದಯವಿಟ್ಟು ಸಂಕೋಚಪಡದೆ, ಗಂಟಲು ಬಿಚ್ಚಿ ಕೂಗಬೇಕು.